ಕೋಣೆ ಬಿಟ್ಟು ಹೋದವರು

ಸೊಸೆ ಎರಡು ತುತ್ತು ತಿಂದು ಮತ್ತೆ ಫೋನು ನೋಡಿದಳು.

"ತಟ್ಟೆ ಮುಂದೆ ಕೂತವಳಿಗೆ ತಟ್ಟೆ ಕಾಣ್ಬೇಕಮ್ಮ," ಎಂದರು ಅತ್ತೆ. "ಅದ್ರಲ್ಲೇನಿದೆ ಅಂಥಾದ್ದು?"

"ಪಟ್ಟಿ ಬಂದಿದೆ ಅತ್ತೆ. ಯಾವ ಕೋಣೆಗೆಲ್ಲ ಅನುದಾನ ನಿಲ್ಲುತ್ತೆ ಅಂತ."

"ನಿಲ್ಲಿಸೋರು ಅವರು. ನಿನ್ನ ಊಟ ಯಾಕೆ ನಿಂತಿತು?"

ಯಾಕೆಂದರೆ ಆ ಪಟ್ಟಿಗೆ ಅಂಕಿ ಕೊಟ್ಟವಳು ಅವಳೇ. ಒಂದು ಸಂಸ್ಥೆ ನಲವತ್ತು ಶಾಲೆಗಳಲ್ಲಿ ಓದಿನ ಕೋಣೆಗೆ ಹಣ ಕೊಡುತ್ತಿತ್ತು: ಓದಲು ಬಾರದೆ ಹಿಂದೆ ಬಿದ್ದ ಮಕ್ಕಳಿಗೆ ಒಂದು ಕೋಣೆ, ಒಬ್ಬ ಟೀಚರು. ಆರು ತಿಂಗಳಿಗೊಮ್ಮೆ ಇವಳು ಟ್ಯಾಬ್ ಹಿಡಿದು ಹೋಗಿ ಪ್ರತಿ ಮಗುವಿನ ಮುಂದೆ ಒಂದು ಹಾಳೆ ಇಡಬೇಕು. ಅಕ್ಷರ, ಪದ, ಸಾಲು, ಕಥೆ. ಮಗು ಎಲ್ಲಿಯವರೆಗೆ ಓದಿತೋ ಅಲ್ಲಿಗೆ ಟ್ಯಾಬಿನಲ್ಲಿ ಬೆರಳೊತ್ತಬೇಕು. ಮಕ್ಕಳು ಇವಳಿಗೆ ಇಟ್ಟ ಹೆಸರು ಟ್ಯಾಬಕ್ಕ.

ಪಟ್ಟಿಯಲ್ಲಿ ಹನ್ನೊಂದು ಕೋಣೆಗಳಿದ್ದವು. ಅದರಲ್ಲಿ ಮೂರನೆಯದು ಒಂದು ಶಾಲೆಯ ಮೆಟ್ಟಿಲ ಕೆಳಗಿನ ಕೋಣೆ. 'ಮೂರು ಭೇಟಿ, ಸುಧಾರಣೆ ಇಲ್ಲ.' ಅಲ್ಲಿಯ ಟೀಚರು ಕಲಿಸುವುದನ್ನು ಕಣ್ಣಾರೆ ಕಂಡವಳಿಗೆ ಆ ಸಾಲು ಗಂಟಲಲ್ಲಿ ಇಳಿಯಲಿಲ್ಲ. ಸಂಜೆ ಐದಕ್ಕೆ ಪಟ್ಟಿ ಮುಚ್ಚುತ್ತದೆ, ಆಮೇಲೆ ಬದಲಾಗದು. ಕೈ ತೊಳೆದು ಎದ್ದೇಬಿಟ್ಟಳು.

ಬಸ್ಸಿನಲ್ಲಿ ಅರ್ಧಕ್ಕರ್ಧ ಸೀಟು ಖಾಲಿ. ಇವಳು ಬಾಗಿಲ ಕಂಬ ಹಿಡಿದು ನಿಂತಿದ್ದಳು.

"ಕೂತ್ಕೊಳ್ಳಿ ತಾಯಿ," ಎಂದ ಕಂಡಕ್ಟರು. "ನೀವು ನಿಂತ್ರೆ ಬಸ್ಸೇನೂ ಬೇಗ ಹೋಗಲ್ಲ."

ಮೆಟ್ಟಿಲ ಕೆಳಗೆ ಟೀಚರು ಬ್ಲೇಡಿನಿಂದ ಪೆನ್ಸಿಲು ಹೆರೆಯುತ್ತಿದ್ದರು. ಒಂಬತ್ತು ಮಕ್ಕಳು, ಒಂಬತ್ತೂ ಅಕ್ಷರದ ಹಂತದವು. ಟ್ಯಾಬಕ್ಕ ಮುಖಗಳನ್ನು ಒಂದೊಂದಾಗಿ ನೋಡಿದಳು.

"ಹೋದ ಸಲ ಇಲ್ಲಿ ಎರಡು ಜಡೆ ಹುಡುಗಿ ಇದ್ಲಲ್ಲ ಟೀಚರ್, ಎಲ್ಲಿ?"

"ಅವಳಿಗೆ ಓದೋಕೆ ಬಂತಲ್ಲ! ಇನ್ನಿಲ್ಲೇನು ಕೆಲ್ಸ? ಓದು ಬಂದವರನ್ನ ಅವರ ತರಗತಿಗೆ ಕಳಿಸ್ತೀನಿ, ಬಾರದವರನ್ನ ಕರ್ಕೊಂಡು ಬರ್ತೀನಿ. ಜ್ವರ ಬಿಟ್ಟವರನ್ನ ಯಾರಾದ್ರೂ ಆಸ್ಪತ್ರೆ ಮಂಚದ ಮೇಲೆ ಇಟ್ಕೋತಾರಾ?"

ಟ್ಯಾಬಕ್ಕ ಟ್ಯಾಬಿನಲ್ಲಿ ಹಳೆಯ ಭೇಟಿಗಳನ್ನು ತೆರೆದಳು. ಮೂರು ಸಲವೂ ಅವಳು ಮಂಚದ ಮೇಲಿದ್ದವರನ್ನಷ್ಟೇ ಎಣಿಸಿ, ಇಲ್ಲಿ ಯಾರಿಗೂ ವಾಸಿಯಾಗುವುದಿಲ್ಲ ಎಂದು ಬರೆದು ಹೋಗಿದ್ದಳು.

"ನೀವು ಹೇಳ್ಲೇ ಇಲ್ವಲ್ಲ ಟೀಚರ್?"

"ನೀವು ಕೇಳಿದ್ರಾ? ಕೋಣೇಲಿರೋರನ್ನ ಕರೀರಿ ಅಂದ್ರಿ, ಕರ್ದೆ."

ಮಾತು ಸುಳ್ಳಲ್ಲ. ಮೊದಲ ಭೇಟಿಯ ಹೆಸರುಗಳನ್ನೇ ಹುಡುಕಿ ಓದಿಸಿ ಎಂದು ತರಬೇತಿಯಲ್ಲಿ ಹೇಳಿದ್ದರು. ಮಗು ಸಿಗದೇ ಹೋದರೆ ಎದುರಿಗಿದ್ದವರನ್ನು ಓದಿಸಿ 'ಬದಲಿ' ಎಂದು ಒತ್ತಬಹುದಿತ್ತು. ದಿನಕ್ಕೆ ಎರಡು ಶಾಲೆ ಮುಗಿಸುವ ಆತುರ. ಇವಳು ಹುಡುಕುವ ಗೋಜಿಗೇ ಹೋಗದೆ ಬದಲಿ, ಬದಲಿ ಎಂದು ಒತ್ತುತ್ತ ಹೋಗಿದ್ದಳು.

ಹಾಜರಿ ಪುಸ್ತಕದಿಂದ ಇಪ್ಪತ್ತಾರು ಹಳೆಯ ಹೆಸರು ಬರೆದುಕೊಂಡು ಮೆಟ್ಟಿಲು ಹತ್ತಿದಳು. ತರಗತಿಯಿಂದ ತರಗತಿಗೆ, ಬಾಗಿಲಲ್ಲಿ ನಿಂತು ಕೂಗಿ, ಓದಿಸಿ, ಓಡಿ. ಸಿಕ್ಕವರು ಇಪ್ಪತ್ತೆರಡು. ಅವರಲ್ಲಿ ಹತ್ತೊಂಬತ್ತು ಮಕ್ಕಳು ಕಥೆ ಓದಿದರು. ಎರಡು ಜಡೆಯವಳು ಓದಿ ಮುಗಿಸಿ ಹಾಳೆ ತಿರುಗಿಸಿ ನೋಡಿದಳು.

"ಇಷ್ಟೇನಾ ಟ್ಯಾಬಕ್ಕ? ಹಿಂದ್ಗಡೆ ಏನೂ ಇಲ್ವಾ?"

ನಾಲ್ಕೂವರೆಗೆ ಮೆಟ್ಟಿಲ ಮೇಲೇ ನಿಂತು ಆಫೀಸಿನ ಮೇಡಂಗೆ ಫೋನು ಮಾಡಿದಳು.

"ಮೇಡಂ, ಮೆಟ್ಟಿಲ ಕೆಳಗಿನ ಕೋಣೆ ಅಂಕಿ ತಪ್ಪು. ಓದು ಬಂದ ಮಕ್ಕಳನ್ನ ನಾನು ಎಣಿಸೇ ಇಲ್ಲ."

"ಒಂದು ಕೋಣೆ ಆದ್ರೆ ಈಗ್ಲೇ ಪಟ್ಟಿಯಿಂದ ತೆಗೆದುಬಿಡ್ತೀನಿ. ಇದೊಂದೇ ತಾನೇ?"

ಹೌದು ಎನ್ನುವುದು ನಾಲಿಗೆ ತುದಿಗೆ ಬಂದು ಕೂತಿತ್ತು. ಹೌದೆಂದರೆ ಈ ಕೋಣೆಯೂ ಉಳಿಯುತ್ತದೆ, ತನ್ನ ಕೆಲಸವೂ ಉಳಿಯುತ್ತದೆ. ಆದರೆ ಪಟ್ಟಿಯಲ್ಲಿ ಇನ್ನೂ ಹತ್ತು ಕೋಣೆಗಳಿದ್ದವು. ಅಲ್ಲೂ ಯಾರೋ ಪೆನ್ಸಿಲು ಹೆರೆಯುತ್ತಿರಬಹುದು.

"ಅಲ್ಲ ಮೇಡಂ. ನಲವತ್ತರಲ್ಲೂ ಹಾಗೇ ಮಾಡಿದೀನಿ."

"ಏನು ಹೇಳ್ತಿದೀರಿ ಗೊತ್ತಾ? ಪಟ್ಟಿ ತಡೆದ್ರೆ ಯಾಕೆ ಅಂತ ಮೇಲಿನವರಿಗೆ ಬರೀಬೇಕು. ನಿಮ್ಮ ಹೆಸರು ಹಾಕಿ ಬರೀಬೇಕು."

"ಬರೀರಿ ಮೇಡಂ."

"ಒಂದು ತಿಂಗಳು ತಡೀತೀನಿ. ಅಷ್ಟರಲ್ಲಿ ಮೊದಲ ಹೆಸರುಗಳನ್ನೇ ಹುಡುಕಿ ಓದಿಸಿ. ಆಮೇಲೆ ನಿಮ್ಮನ್ನ ಇಟ್ಕೋತಾರೋ ಬಿಡ್ತಾರೋ, ನನ್ನ ಕೈಲಿಲ್ಲ."

ಮನೆಯಲ್ಲಿ ಅತ್ತೆ ಬಾಗಿಲಲ್ಲೇ ಇದ್ದರು. "ಏನಾಯ್ತೇ? ಕೆಲ್ಸ ಹೋಯ್ತಾ?"

"ಗೊತ್ತಿಲ್ಲ ಅತ್ತೆ. ಒಂದು ತಿಂಗಳ ಕೆಲ್ಸವಂತೂ ಇದೆ. ನಲವತ್ತು ಶಾಲೆ."

"ಹಾಗಾದ್ರೆ ಮೊದ್ಲು ಉಣ್ಣು. ಖಾಲಿ ಹೊಟ್ಟೇಲಿ ಎಷ್ಟು ಶಾಲೆ ಹತ್ತಿ ಇಳೀತೀಯ?"

ಸೊಸೆ ಬಲಗೈ ತಟ್ಟೆಗಿಟ್ಟು ಎಡಗೈಯಲ್ಲಿ ಟ್ಯಾಬ್ ತೆರೆದಳು. ಮೊದಲ ಭೇಟಿಯ ಹೆಸರುಗಳು, ಉದ್ದಕ್ಕೆ, ಮುಗಿಯದಷ್ಟು. ಅತ್ತೆ ಅದನ್ನು ಕಿತ್ತುಕೊಂಡು ತಮ್ಮ ಮಡಿಲಲ್ಲಿಟ್ಟುಕೊಂಡರು.

"ನೀನು ಉಣ್ಣು. ನಾನು ಓದಿ ಹೇಳ್ತೀನಿ," ಎಂದು ಮೊದಲ ಹೆಸರಿನ ಮೇಲೆ ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸತೊಡಗಿದರು.