ಮಲ್ಲುವಿನ ಬೆರಳು ಮತ್ತು ಬಾವಿಯ ರಾಕ್ಷಸಿ

ಶಹಾಬಾದದ ಪಾಲಿಶ್ ಮಷೀನುಗಳಿಗೆ ಭಾನುವಾರ ರಜೆ. ಮಲ್ಲುವಿನ ಕಾಕಾನ ಕಲ್ಲಿನಂಗಳದಲ್ಲಿ, ಬೇವಿನ ನೆರಳಿಗೆ, ನೆಲಕ್ಕೆ ಹಾಸುವ ಒಂದು ನುಣುಪಾದ ಫರಸಿಕಲ್ಲೇ ಮೇಜಾಗಿತ್ತು. ಅದರ ಸುತ್ತ ಮೂವರು ಕುಳಿತಿದ್ದರು: ಅದೇ ಅಂಗಳದಲ್ಲಿ ಕಲ್ಲು ಆರಿಸುವ ಮಲ್ಲು, ಮರುದಿನ ಕುಂಚಾವರಂ ಶಾಲೆಗೆ ಅತಿಥಿ ಶಿಕ್ಷಕಿಯಾಗಿ ಹೊರಟಿದ್ದ ನಾಹಿದ, ಎಂ.ಎ. ಮುಗಿಸಿ ಮನೆಯಲ್ಲಿರುವ ಸಿದ್ಧಲಿಂಗ. ಆಟದ ನಿಯಮದ ಪುಸ್ತಕ ಯಾವಾಗಲೂ ಸಿದ್ಧಲಿಂಗನ ಮೊಣಕಾಲ ಮೇಲೆ.

ಆಟದ ಪೆಟ್ಟಿಗೆ ವಾಡಿ ಊರಿನಲ್ಲಿರುವ ನಾಹಿದಳ ಅಣ್ಣ ಮತೀನನದು. ಆ ಆಟದಲ್ಲಿ ಒಬ್ಬರನ್ನೊಬ್ಬರು ಸೋಲಿಸುವುದಿಲ್ಲ. ಮೂವರೂ ಕೂಡಿ ರಾಕ್ಷಸರನ್ನು ಗೆಲ್ಲಬೇಕು, ಇಲ್ಲವೇ ಕೂಡಿ ಸೋಲಬೇಕು. ಉಳಿದಿದ್ದವಳು ಬಾವಿಯ ರಾಕ್ಷಸಿ ಒಬ್ಬಳೇ. ಅವಳೆದುರು ಯಾರೂ ಮಾತಾಡುವಂತಿಲ್ಲ, ಸನ್ನೆ ಮಾಡುವಂತಿಲ್ಲ. ಒಬ್ಬೊಬ್ಬರು ಒಂದೊಂದು ಕಾರ್ಡನ್ನು ಬೋರಲಾಗಿ ಇಡಬೇಕು. ಮೂರರ ಅಂಕಿ ಕೂಡಿ ಸರಿಯಾಗಿ ಹನ್ನೆರಡಾಗಬೇಕು. ಐದು ಭಾನುವಾರ ಸೋತಿದ್ದರು. ಗೆದ್ದ ದಿನ ಪೆಟ್ಟಿಗೆ ವಾಡಿಗೆ ವಾಪಸು ಎಂದು ಮತೀನನಿಗೆ ಮಾತು ಕೊಟ್ಟಾಗಿತ್ತು. ಆಮೇಲೆ ನಾಹಿದ ಕುಂಚಾವರಂನಷ್ಟು ದೂರದಿಂದ ಇಲ್ಲಿಗೆ ಯಾಕೆ ಬಂದಾಳು? ಈ ಪ್ರಶ್ನೆಯನ್ನು ಸಿದ್ಧಲಿಂಗ ಯಾರ ಮುಂದೆಯೂ ಆಡಿರಲಿಲ್ಲ.

ಮಲ್ಲು ಕಾರ್ಡು ಇಟ್ಟ. ಇಡುವ ಮುನ್ನ ಅವನ ಬೆರಳು ಫರಸಿಯನ್ನು ಬಡಿಯಿತು. ವಾರವಿಡೀ ಅವನ ಕೆಲಸವೇ ಅದು: ಬಡಿದಾಗ ಖಣ್ ಎಂದರೆ ಕಲ್ಲು ಗಟ್ಟಿ, ಡಬ್ ಎಂದರೆ ಒಳಗೆ ಬಿರುಕು. ಈಗ ಗೆಣ್ಣಲ್ಲ, ಬೆರಳ ಮೆತ್ತನೆಯ ತುದಿ ಬಡಿದು ಡಬ್ ಎಂದಿತು. ಸಿದ್ಧಲಿಂಗ ಕೈಗೆತ್ತಿಕೊಂಡಿದ್ದ ಎರಡರ ಕಾರ್ಡನ್ನು ಬಿಟ್ಟು ಏಳರದನ್ನು ಇಟ್ಟ. ನಾಹಿದ ತನ್ನದನ್ನು ಇಟ್ಟಳು. ಮಗುಚಿದರೆ ಒಂದು, ಏಳು, ನಾಲ್ಕು.

"ಹನ್ನೆರಡು! ಸತ್ತಳಲೇ ಆಕಿ!" ಮಲ್ಲು ಕುಣಿದ.

ಸಿದ್ಧಲಿಂಗ ಪುಸ್ತಕ ತಿರುವಿದ. ಬಡಿಯುವುದರ ಬಗ್ಗೆ ಅದರಲ್ಲಿ ಒಂದು ಅಕ್ಷರವೂ ಇರಲಿಲ್ಲ. ಬಾಯಿ ಬಿಟ್ಟರೆ ಅದು ನಿಯಮಕ್ಕಾಗಿಯೋ, ಭಾನುವಾರಗಳ ಆಸೆಗಾಗಿಯೋ? ಅವನಿಗೇ ತಿಳಿಯಲಿಲ್ಲ. ಆದರೂ ಹೇಳಿದ.

"ಮಲ್ಲು, ಕಾರ್ಡ ಇಡೂ ಮುಂದ ನೀ ಕಲ್ಲು ಬಡದಿ."

"ನಾ ಯಾವಾಗ ಬಡದೀನಲೇ?"

"ಡಬ್ ಅಂತು. ಸಣ್ಣ ಕಾರ್ಡ ಅಂತ ತಿಳೀತು. ಅದಕ್ಕೇ ಏಳು ಹಾಕ್ದೆ."

"ಕಲ್ಲ ಬಡೀಬ್ಯಾಡ ಅಂತ ಪುಸ್ತಕದಾಗ ಎಲ್ಲಿ ಬರದದ? ತೋರಸ್ರಿ ವಕೀಲಸಾಬ್ರ."

"ಬರದಿಲ್ಲ. ಬರದವ್ರು ಫರಸಿ ಮ್ಯಾಲ ಕುಂತು ಆಡಿಲ್ಲ."

ಮಲ್ಲು ತನ್ನ ಬೆರಳನ್ನೇ ಯಾರದೋ ಎಂಬಂತೆ ನೋಡಿಕೊಂಡ. ನಾಹಿದ ತಲೆ ತಗ್ಗಿಸಿ ನಗುತ್ತಿದ್ದಳು.

"ನನಗ ಹೋದ ಐತ್ವಾರೇ ಗೊತ್ತಾಗಿತ್ತು," ಎಂದಳು. "ಅವತ್ತು ಖಣ್ ಅಂದಿತ್ತು. ದೊಡ್ಡದು ಅಂತ ತಿಳದೂ ಬೇಕಂತ್ಲೇ ಒಂಬತ್ತು ಇಟ್ಟೆ."

"ಅಯ್ಯ, ಸೋಲಲಿಕ್ಕ? ಯಾಕ?" ಮಲ್ಲು ಕೇಳಿದ.

ನಾಹಿದ ಕಾರ್ಡುಗಳನ್ನು ಕಲೆಸತೊಡಗಿದಳು. ಸಿದ್ಧಲಿಂಗನಿಗೆ ಉತ್ತರ ಮುಟ್ಟಿತ್ತು.

"ಮತ್ತ ಇವತ್ತು?" ಮಲ್ಲು ಬಿಡಲಿಲ್ಲ.

"ಇವತ್ತು ಕೈಯಾಗ ನಾಕರ ಕಾರ್ಡ ಒಂದೇ ಉಳದಿತ್ತಪಾ. ಏನ್ ಮಾಡ್ಲಿ?"

ಮಲ್ಲು ಇಬ್ಬರ ಮುಖವನ್ನೂ ನೋಡಿದ. ಎದ್ದು ಹೋಗಿ ಒಂದು ಗೋಣಿಚೀಲ ತಂದು, ಝಾಡಿಸಿ, ಫರಸಿಯ ಮೇಲೆ ಹಾಸಿದ. "ಈಗ ಏನ್ ಕೇಳ್ತೀರಿ ಕೇಳ್ರಿ. ಹಾಕು, ಇನ್ನೊಮ್ಮೆ."

ಈ ಸಲ ಅವನ ಬೆರಳು ಗೋಣಿಯ ಮೇಲೆ ಬಿದ್ದಾಗ ಸದ್ದೇ ಬರಲಿಲ್ಲ. ಮಗುಚಿದರೆ ಹತ್ತೊಂಬತ್ತು. ಏಳು ಹೆಚ್ಚು! ಅಷ್ಟು ಕೆಟ್ಟದಾಗಿ ಅವರು ಎಂದೂ ಸೋತಿರಲಿಲ್ಲ.

ಮಲ್ಲು ಚಹಾ ಹೇಳಲು ಹೊರಟ. ನಾಹಿದ ಅಣ್ಣನಿಗೆ ಫೋನು ಮಾಡಿ, ಆಟ ಮುಗಿದಿಲ್ಲ, ಪೆಟ್ಟಿಗೆ ಇನ್ನಷ್ಟು ದಿನ ಇಲ್ಲೇ ಇರಲಿ ಎಂದು ಉರ್ದುವಿನಲ್ಲಿ ಹೇಳಿದಳು. ಸಿದ್ಧಲಿಂಗ ಪೆನ್ಸಿಲ್ ತೆಗೆದು ನಿಯಮದ ಪುಸ್ತಕದ ಅಂಚಿನಲ್ಲಿ ಬರೆದ: ಗೋಣಿ ಹಾಸಿ ಆಡತಕ್ಕದ್ದು.

"ಕುಂಚಾವರಂ ಬಸ್ಸು ಮುಂಜಾನಿ ಎಷ್ಟಕ್ಕದ, ನೋಡಿ ಹೇಳು," ನಾಹಿದ ಫೋನು ಇಟ್ಟು ಸಿದ್ಧಲಿಂಗನಿಗೆ ಅಂದಳು. "ಹೋಗೂದಲ್ಲ, ಐತ್ವಾರ ಬರೂದು."