ಎಡಚನ ಬಲಗೈ ಬಂಟ

ನಾನು ಒಂದು ಬೇಸ್‌ಬಾಲ್ ಗ್ಲೌಸು. ಹುಟ್ಟಿದ್ದು ದೂರದ ಜಲಂಧರದಲ್ಲಿ, ಬುದ್ಧಿ ಬಂದಿದ್ದು ತಿಪಟೂರಿನಲ್ಲಿ. ಹದ ಮಾಡಿದ ಚರ್ಮವನ್ನು ಕತ್ತರಿಸಿ, ಒಂದೊಂದು ಬೆರಳಿಗೂ ಒಂದೊಂದು ಗೂಡು ಮಾಡಿ, ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಚರ್ಮದ ದಾರದ ಬಲೆ ಹೆಣೆದು ನನ್ನನ್ನು ಹೊಲಿದರು. ಹೊಲಿದವನು ಕೊನೆಯ ಗಂಟು ಹಾಕಿ ನನ್ನ ಅಂಗೈಗೊಂದು ಗುದ್ದು ಗುದ್ದಿದ. ಹುಟ್ಟಿದ ಮಗುವಿನ ಬೆನ್ನು ತಟ್ಟಿ ಅಳಿಸುತ್ತಾರಲ್ಲ, ಹಾಗೆ ಅಂದುಕೊಳ್ಳಿ.

ಈ ಆಟ ಗೊತ್ತಿಲ್ಲದವರಿಗೆ ಒಂದು ಮಾತು. ಕ್ರಿಕೆಟ್ಟಿನ ಹಾಗೆ ಇಲ್ಲೂ ಒಬ್ಬ ಚೆಂಡು ಎಸೆಯುತ್ತಾನೆ, ಇನ್ನೊಬ್ಬ ಹೊಡೆಯುತ್ತಾನೆ. ಎಸೆಯುವ ಕೈ ಬರಿಗೈ. ಚೆಂಡು ಹಿಡಿಯುವುದಕ್ಕೆ ಇನ್ನೊಂದು ಕೈಗೆ ಗ್ಲೌಸು. ಬಲಗೈಯಲ್ಲಿ ಎಸೆಯುವವರು ಗ್ಲೌಸನ್ನು ಎಡಗೈಗೆ ಹಾಕುತ್ತಾರೆ. ಹೈಸ್ಕೂಲಿನ ಪಿ.ಟಿ. ಮೇಷ್ಟ್ರು ಅನ್ವರ್ ಪಾಷ ಅವರಿಗೆ ಬೇಕಾಗಿದ್ದದ್ದೂ ಅಂಥದ್ದೇ. ಪಾಪ, ‘ಲೆಫ್ಟ್ ಹ್ಯಾಂಡ್ ಗ್ಲೌಸು’ ಕಳಿಸಿ ಅಂತ ಬರೆದರು. ಕಾರ್ಖಾನೆಯವರು ಯಾರೋ ಎಡಚನಿಗೆ ಬೇಕಾಗಿದೆ ಎಂದು ತಿಳಿದು, ಎಡಚರು ಬಲಗೈಗೆ ಹಾಕಿಕೊಳ್ಳುವ ನನ್ನನ್ನು ಕಳಿಸಿಬಿಟ್ಟರು!

ಹುಡುಗರೆಲ್ಲ ಸಾಲಾಗಿ ನನ್ನನ್ನು ತೊಟ್ಟು ನೋಡಿದರು. ಹೆಬ್ಬೆರಳು ಹೋಗಬೇಕಾದಲ್ಲಿ ಕಿರುಬೆರಳು ಹೋಗುತ್ತಿತ್ತು. ಶಾಲೆಯ ಜವಾನ ನನಗೆ ‘ಎಡವಟ್ಟು’ ಅಂತ ಹೆಸರಿಟ್ಟ. ಅಡ್ಡಹೆಸರು ಇಡೋದರಲ್ಲಿ ನಮ್ಮ ಜನ ಎಂದಾದರೂ ಜಿಪುಣತನ ಮಾಡಿದ್ದಾರೆಯೇ? ಗಾಳಿ ಹೋದ ವಾಲಿಬಾಲುಗಳ ಜೊತೆ ನನ್ನನ್ನೂ ಗೋಣಿಚೀಲಕ್ಕೆ ತುಂಬಿದರು. ಅಲ್ಲಿ ಇಲಿಗಳ ಕಾಟ ಬೇರೆ.

ಅದೇ ಶಾಲೆಯಲ್ಲಿ ಷಡಕ್ಷರಿ ಎಂಬ ಹುಡುಗ ಓದುತ್ತಿದ್ದ. ಅವನ ತಂದೆ ರುದ್ರಾರಾಧ್ಯರು ಮದುವೆಮನೆ ಅಡುಗೆಯವರು. ಆ ಸೀಮೆಯಲ್ಲಿ ಅವರ ಕೈ ಒಬ್ಬಟ್ಟು ಇಲ್ಲದ ಮದುವೆ ಮದುವೆಯೇ ಅಲ್ಲ ಅನ್ನುತ್ತಿದ್ದರು. ಮಗ ಹುಟ್ಟಾ ಎಡಚ. ಒಂದು ಮದುವೆಯಲ್ಲಿ ಅವಸರಕ್ಕೆ ಎಡಗೈಯಲ್ಲೇ ಒಬ್ಬಟ್ಟು ಬಡಿಸಿಬಿಟ್ಟನಂತೆ. ಗಂಡಿನ ಸೋದರಮಾವ ಎಲೆ ಮುಂದಿನಿಂದ ಎದ್ದ. ಅವನ ಹಿಂದೆಯೇ ಇಡೀ ಪಂಕ್ತಿ ಎದ್ದಿತು. ರುದ್ರಾರಾಧ್ಯರು ಎಲ್ಲರೆದುರು ಕೈಮುಗಿದು ತಪ್ಪಾಯಿತು ಅಂದರಂತೆ. ಆಮೇಲೆ ಮಗನಿಗೆ ಹೇಳಿದ್ದು ಒಂದೇ ಮಾತು, ಆ ಕೈ ಇನ್ನು ನನ್ನ ಕಣ್ಣಿಗೆ ಬೀಳಕೂಡದು ಅಂತ. ಹುಡುಗ ಎಡಗೈಯನ್ನು ಚಡ್ಡಿಯ ಜೇಬಿಗೆ ಹಾಕಿದ. ಊಟ, ಬರಹ, ಆಟ ಎಲ್ಲ ಬಲಗೈಯಲ್ಲಿ, ಎಲ್ಲವೂ ಅರೆಬರೆ.

ಒಂದು ದಿನ ಚೆಂಡು ಮೈದಾನ ದಾಟಿ ತೆಂಗಿನ ತೋಟದ ಬೇಲಿಯವರೆಗೆ ಹೋಯಿತು. ತರಲು ಹೋದವನು ಷಡಕ್ಷರಿ. ಅಷ್ಟು ದೂರದಲ್ಲಿ ಯಾರು ನೋಡುತ್ತಾರೆ ಅಂದುಕೊಂಡು ಎಡಗೈಯನ್ನು ಜೇಬಿನಿಂದ ತೆಗೆದು ಎಸೆದ. ಚೆಂಡು ಎಲ್ಲರ ತಲೆ ಮೇಲಿಂದ ಹಾರಿ ನೇರ ಮೇಷ್ಟ್ರ ಕೈಗೆ ಬಂದು ಬಿತ್ತು. ಅವರು ಸ್ವಲ್ಪ ಹೊತ್ತು ಅಂಗೈ ಉಜ್ಜಿಕೊಂಡು ನಿಂತರಂತೆ. ಆಮೇಲೆ ಸ್ಟೋರ್ ರೂಮಿಗೆ ಬಂದು ಗೋಣಿಚೀಲ ಸುರುವಿ ನನ್ನನ್ನು ಹುಡುಕಿದರು.

“ಆ ಕೈ ಹೊರಗೆ ತೆಗಿ ಮಗ, ಮುಚ್ಚಿಡೋಕೆ ಅದೇನು ಕದ್ದ ಮಾಲಾ?” ಅಂದರು. ಹುಡುಗನ ಬಲಗೈ ನನ್ನೊಳಗೆ ಬಂತು. ಬೆರಳು ಬೆರಳಿಗೂ ಗೂಡು ಸರಿಹೋಯಿತು. ನನಗಾದ ಸಂತೋಷವನ್ನು ಹೇಗೆ ಹೇಳಲಿ? ಅಲ್ಲಿಯವರೆಗೆ ನಾನು ಎಡವಟ್ಟು, ಅಲ್ಲಿಂದಾಚೆಗೆ ಷಡಕ್ಷರಿಯ ಬಲಗೈ ಬಂಟ.

ಮನೆಗೆ ಕರೆದುಕೊಂಡು ಹೋದ. ಬಾಗಿಲಲ್ಲೇ ಅವನಮ್ಮ ಸರ್ವಮಂಗಳಮ್ಮ ತಡೆದರು. ಮಡಿ ಅಡುಗೆಯ ಮನೆ, ಚರ್ಮದ್ದು ಒಳಗೆ ಬರಬಾರದು. ಜಗಲಿಯ ಮೂಲೆಯ ಚಪ್ಪಲಿ ಗೂಡಿನಲ್ಲಿ ನನಗೆ ಜಾಗವಾಯಿತು. ನಾನೇನೂ ಬೇಜಾರು ಮಾಡಿಕೊಳ್ಳಲಿಲ್ಲ. ಮನೆಯವರೆಲ್ಲರ ಪಾದ, ಅವರು ಬರುವ ಹೋಗುವ ರೀತಿ ನೋಡುತ್ತ ಕೂರುವುದು ಗೋಣಿಚೀಲಕ್ಕಿಂತ ಎಷ್ಟೋ ಮೇಲು.

ಆಮೇಲಿನದು ಓಡಿದ ಕಾಲ. ಮೊದಲು ತುಮಕೂರಿನಲ್ಲಿ ಜಿಲ್ಲಾ ಪಂದ್ಯ, ಆಮೇಲೆ ರಾಜ್ಯ ತಂಡ. ಷಡಕ್ಷರಿ ಪಿಚರ್ ಆಗಿದ್ದ, ಅಂದರೆ ಚೆಂಡು ಎಸೆಯುವವನು. ಅವನ ಚೆಂಡು ಹೊಡೆಯುವವನ ಹತ್ತಿರ ಬಂದು ಏನೋ ಮರೆತವರ ಹಾಗೆ ಪಕ್ಕಕ್ಕೆ ತಿರುಗುತ್ತಿತ್ತು. ಎಸೆಯುವ ಮುಂಚೆ ಅವನು ಎಡಗೈಯ ಚೆಂಡನ್ನು ನನ್ನೊಳಗೆ ಮರೆಮಾಡಿಕೊಂಡು ಹಿಡಿತ ಬದಲಿಸುತ್ತಿದ್ದ. ಹೇಗೆ ಹಿಡಿದಿದ್ದಾನೆಂದು ತಿಳಿಯುತ್ತಿದ್ದವರು ನಾವಿಬ್ಬರೇ. ನನ್ನ ಹೊಟ್ಟೆಯಲ್ಲಿ ಎಷ್ಟೆಷ್ಟು ಗುಟ್ಟುಗಳಿದ್ದವು ಅಂತೀರಿ!

ಮೊದಲ ಕಪ್ಪು ಗೆದ್ದ ದಿನ ಓಡಿ ಬಂದವನು ಅದನ್ನು ತಂದೆಯ ಮುಂದೆ ಹಿಡಿದ. ಸಂಭ್ರಮದಲ್ಲಿ ಮೈಮರೆತು ಎಡಗೈಯಲ್ಲಿ ಹಿಡಿದಿದ್ದ. ರುದ್ರಾರಾಧ್ಯರು ಆ ಕೈಯನ್ನೇ ನೋಡಿದರು, ಕಪ್ಪನ್ನಲ್ಲ. ಆ ಕಡೆ ಇಡು ಅಂದು ಪಾತ್ರೆ ಲೆಕ್ಕ ನೋಡಲು ಹೋದರು. ಆಮೇಲೆ ಅವನು ಏನು ತಂದರೂ ಎಚ್ಚರದಿಂದ ಬಲಗೈಯಲ್ಲೇ ಕೊಡುತ್ತಿದ್ದ. ಅವರು ತೆಗೆದುಕೊಳ್ಳುತ್ತಿದ್ದರು, ಆದರೆ ಪಂದ್ಯ ನೋಡಲು ಮಾತ್ರ ಬರುತ್ತಿರಲಿಲ್ಲ. ಕರೆದಾಗಲೆಲ್ಲ ಯಾವುದೋ ಮುಹೂರ್ತ ಇರುತ್ತಿತ್ತು. ಇವನಿಗೆ ಬೇಕಾಗಿದ್ದದ್ದು ಒಂದೇ. ತನ್ನ ಎಡಗೈಯನ್ನು ಅಪ್ಪ ಒಮ್ಮೆ ಒಳ್ಳೆಯ ಕಣ್ಣಿನಿಂದ ನೋಡಬೇಕು.

ಒಂದು ವರ್ಷ ರಾಜ್ಯ ಮಟ್ಟದ ಪಂದ್ಯಾವಳಿ ತಿಪಟೂರಿನಲ್ಲೇ ನಡೆಯಿತು. ಆಟಗಾರರ ಊಟದ ಏರ್ಪಾಡು ರುದ್ರಾರಾಧ್ಯರದ್ದು. ಮೈದಾನದ ಪಕ್ಕದಲ್ಲೇ ಶಾಮಿಯಾನ, ಒಲೆ. ಫೈನಲಿನ ಕೊನೆಯ ಘಟ್ಟದಲ್ಲಿ ಅವರು ಸಾರು ತಿರುವುವ ಹುಟ್ಟು ಹಿಡಿದುಕೊಂಡೇ ಹೊರಗೆ ಬಂದು ನಿಂತದ್ದನ್ನು ನಾನು ಕಂಡೆ. ಷಡಕ್ಷರಿಯೂ ಕಂಡ. ಅವನ ಬೆರಳು ನನ್ನೊಳಗೆ ಬೆವೆತವು. ಕೊನೆಯ ಚೆಂಡು ಎಸೆದ, ಹೊಡೆಯುವವನ ದಾಂಡು ಬರೀ ಗಾಳಿ ಹೊಡೆಯಿತು. ಜನ ‘ಎಡಚ, ಎಡಚ’ ಎಂದು ಕೂಗುತ್ತ ಅವನನ್ನು ಹೆಗಲ ಮೇಲೆ ಎತ್ತಿದರು. ನಮಗದು ಜೈಕಾರ. ರುದ್ರಾರಾಧ್ಯರಿಗೆ ಆ ಪದ ಬೈಗುಳದಂತೆ ಕೇಳಿಸಿತೋ ಏನೋ, ತಿರುಗಿ ಒಲೆಯ ಹತ್ತಿರ ಹೋಗಿಬಿಟ್ಟರು. ಅವತ್ತು ಷಡಕ್ಷರಿ ಗೆದ್ದೂ ಸರಿಯಾಗಿ ಊಟ ಮಾಡಲಿಲ್ಲ.

ಭಾರತ ತಂಡದ ಅಂಗಿ ಬಂತು. ಫಿಲಿಪ್ಪೀನ್ಸಿನ ಒಂದು ಕ್ಲಬ್ಬಿನವರು ಸಂಬಳ ಕೊಟ್ಟು ಕರೆಸಿಕೊಂಡರು. ಆಟವನ್ನೇ ಅನ್ನ ಮಾಡಿಕೊಂಡ ಮೊದಲ ತಿಪಟೂರಿನವನು ನನ್ನ ಹುಡುಗ ಅಂತ ನನಗೆ ಕೊಬ್ಬು ಬಂದಿತ್ತು. ಅಲ್ಲಿ ಅವನಿಗೆ ಹೊಸ ಗ್ಲೌಸು ಕೊಟ್ಟರು. ಮೆದು ಚರ್ಮ, ಮೇಲೆ ಅವನ ಹೆಸರು. ಹೊಟ್ಟೆ ಉರಿಯಲಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಪಂದ್ಯಕ್ಕೆ ಮುಂಚೆ ಒಂದು ಸಲ ನನ್ನೊಳಗೆ ಕೈ ಹಾಕದೆ ಅವನು ಮೈದಾನಕ್ಕೆ ಇಳಿದವನಲ್ಲ. ಅಷ್ಟು ಸಾಕು ನನಗೆ.

ಕೆಲವು ವರ್ಷಗಳಾದ ಮೇಲೆ ಅವನ ಭುಜ ಕೈಕೊಟ್ಟಿತು. ಊರಿಗೆ ಬಂದು, ಮಕ್ಕಳಿಗೆ ಆಟ ಕಲಿಸುವ ಕೆಲಸ ಹಿಡಿದ. ಹೊಸ ಗ್ಲೌಸನ್ನು ಒಬ್ಬ ಶಿಷ್ಯನಿಗೆ ಕೊಟ್ಟ. ನಾನು ಮತ್ತೆ ಚಪ್ಪಲಿ ಗೂಡಿಗೆ ಬಂದೆ. ನನ್ನ ಬಣ್ಣ ಹೋಗಿತ್ತು, ದಾರ ಅಲ್ಲಲ್ಲಿ ಕಿತ್ತುಹೋಗಿತ್ತು.

ರುದ್ರಾರಾಧ್ಯರಿಗೆ ಲಕ್ವ ಹೊಡೆದದ್ದು ಆ ವರ್ಷವೇ. ಬಲಗಡೆ ಪೂರ್ತಿ ಬಿದ್ದುಹೋಯಿತು. ಸಾವಿರಾರು ಎಲೆಗೆ ಬಡಿಸಿದ ಕೈ ಮಡಿಲಲ್ಲಿ ಸುಮ್ಮನೆ ಬಿದ್ದಿರುತ್ತಿತ್ತು. ಎಡಗೈಯಲ್ಲಿ ಉಣ್ಣಿ ಅಂದರೆ ತಟ್ಟೆ ತಳ್ಳುತ್ತಿದ್ದರು. ಹೆಂಡತಿ ತುತ್ತು ಮಾಡಿ ಕೊಟ್ಟರೆ ನಾಚಿಕೆಯಿಂದ ಎರಡು ತುತ್ತಿಗೇ ಸಾಕು ಅನ್ನುತ್ತಿದ್ದರು. ಮನುಷ್ಯ ದಿನದಿನಕ್ಕೂ ಒಣಗಿದರು. ಹೀಗೇ ಆದರೆ ಕಷ್ಟ, ಬಿದ್ದ ಕೈಗೂ ಕೆಲಸ ಕೊಡಿ, ಇರುವ ಕೈಯಲ್ಲಿ ಉಣ್ಣೋದನ್ನೂ ಕಲಿಸಿ ಎಂದು ಡಾಕ್ಟರು ಹೇಳಿದರು.

ಷಡಕ್ಷರಿ ನನ್ನನ್ನು ಒರೆಸಿ, ಜಗಲಿಯಲ್ಲಿ ಕೂತಿದ್ದ ತಂದೆಯ ಬಲಗೈಗೆ ತೊಡಿಸಿದ. ಸರ್ವಮಂಗಳಮ್ಮ ಚರ್ಮದ್ದು ಕಣೋ ಅಂದರು. ಅಷ್ಟರಲ್ಲಿ ರುದ್ರಾರಾಧ್ಯರ ತಣ್ಣಗಿದ್ದ ಬೆರಳುಗಳು ನನ್ನೊಳಗೆ ಬಂದವು. ಷಡಕ್ಷರಿ ಎದುರು ಕೂತು ಮೆತ್ತನೆಯ ಚೆಂಡು ಹಾಕುತ್ತಿದ್ದ, ಅದು ನನಗೆ ಬಡಿದು ಉರುಳಿಹೋಗುತ್ತಿತ್ತು. ಹೀಗೇ ಎಷ್ಟೋ ಬೆಳಗುಗಳು. ಒಂದು ಬೆಳಗ್ಗೆ ಬೆರಳು ತುಸು ಮಡಚಿಕೊಂಡ ಹಾಗಾಯಿತು, ಚೆಂಡು ನನ್ನಲ್ಲೇ ನಿಂತಿತು.

“ವಾಪಸ್ ಎಸೀರಿ ಅಪ್ಪಾಜಿ,” ಅಂದ ಷಡಕ್ಷರಿ.

“ಯಾವ ಕೈಲಪ್ಪ?”

“ಇರೋ ಕೈಲಿ.”

ಅವರು ಎಡಗೈಯನ್ನು ಪಂಚೆಗೆ ಒರೆಸಿಕೊಂಡರು. ಆಮೇಲೆ ಎಡಗೈಯಲ್ಲಿ ಎತ್ತಿ ಎಸೆದರು. ಚೆಂಡು ಎಲ್ಲೆಲ್ಲೋ ಹೋಗಿ ನೀರಿನ ಡ್ರಮ್ಮಿಗೆ ಬಿತ್ತು. ಅಪ್ಪ ಮಗ ಇಬ್ಬರೂ ನಕ್ಕದ್ದನ್ನು ನಾನು ಆ ಮನೆಯಲ್ಲಿ ಕಂಡದ್ದು ಅದೇ ಮೊದಲು.

ಈಗ ನಾನೂ ಮುದುಕ. ಇನ್ನೊಂದು ಬೇಸಿಗೆ ತಡೆದರೆ ಹೆಚ್ಚು. ಜಗಲಿಯ ಬಿಸಿಲಲ್ಲಿ ಕೂತು ಹಳೆಯದನ್ನು ನೆನೆಯುವಾಗ ಕಪ್ಪುಗಳು, ಕೂಗುಗಳು ಎಲ್ಲ ಬರುತ್ತವೆ. ಎಲ್ಲಕ್ಕಿಂತ ಹೆಚ್ಚಾಗಿ ಬರುವುದು ಚೆಂಡು ಡ್ರಮ್ಮಿಗೆ ಬಿದ್ದ ದಿನದ ಮಧ್ಯಾಹ್ನದ ಊಟ.

ಊಟ ಜಗಲಿಗೇ ಬಂದಿತ್ತು. ನನ್ನನ್ನು ಇನ್ನೂ ಬಿಚ್ಚಿರಲಿಲ್ಲ. ರುದ್ರಾರಾಧ್ಯರು ಸಾರಿನ ಪಾತ್ರೆಯನ್ನು ಹತ್ತಿರ ಇಡಿಸಿಕೊಂಡರು, ಮಗನಿಗೆ ತಟ್ಟೆ ಮುಂದಿಡಲು ಹೇಳಿದರು. ಎಡಗೈಯಲ್ಲಿ ಸೌಟು ಹಿಡಿದರು. ಅಭ್ಯಾಸವಿಲ್ಲದ ಕೈ, ಅರ್ಧ ಸಾರು ನೆಲಕ್ಕೆ ಚೆಲ್ಲಿತು. ಸಹಾಯಕ್ಕೆ ಬಂದ ಹೆಂಡತಿಯನ್ನು ಕಣ್ಣಲ್ಲೇ ತಡೆದು, ಇನ್ನೊಂದು ಸೌಟು ಬಡಿಸಿದರು.

“ನಿನ್ನ ಕೈನ ಅವತ್ತು ಜೇಬಿಗೆ ಹಾಕಿಸ್ದೆ,” ಅಂದರು, ತೊದಲುತ್ತ. “ಅದೇನು ತಪ್ಪು ಮಾಡಿತ್ತಪ್ಪ. ಬಡಿಸಿತ್ತು, ಅಷ್ಟೇ.”

ಷಡಕ್ಷರಿ ಅನ್ನವನ್ನು ಎಡಗೈಯಲ್ಲಿ ಕಲಸಿ ತುತ್ತೆತ್ತಿದ. ಅವನ ಕಣ್ಣೀರು ತಟ್ಟೆಗೆ ಬಿತ್ತು. ಅವರೂ ತಮ್ಮ ತಟ್ಟೆ ಎಳೆದುಕೊಂಡು ಎಡಗೈಯಲ್ಲೇ ಉಣ್ಣತೊಡಗಿದರು. ಸರ್ವಮಂಗಳಮ್ಮ ಬೀದಿಯ ಕಡೆ ಒಮ್ಮೆ ನೋಡಿ, ಯಾರಾದರೂ ಕಂಡಾರು, ಅಡ್ಡಕ್ಕೊಂದು ಪಂಚೆಯಾದರೂ ಕಟ್ಟಲೇ ಎಂದು ಕೇಳಿದರು.

“ನೋಡ್ಲಿ ಬಿಡು,” ಅಂದರು ರುದ್ರಾರಾಧ್ಯರು.