ಜಿಲಾನಿಯ ಪಾಲು

ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಹನ್ನೆರಡು ಆಳುಗಳ ಮೇಸ್ತ್ರಿ ನಾನು, ರೂಪಲಪ್ಪ, ಬೈಗುಳಕ್ಕೆ ಹೆಸರಾದವನು. ಆದರೆ ಆ ದಿನ ಗೋವಾದ ಮಡಗಾಂವದ ಕಾರ್ಮಿಕ ಕಚೇರಿಯಲ್ಲಿ ನನ್ನ ಬಾಯಿಗೆ ಬೀಗ ಬಿದ್ದಿತ್ತು. ಹೆದರಿ ಕೂತಿದ್ದೆ, ಮುಚ್ಚಿಡುವುದೇನು?

ತಪ್ಪು ನನ್ನಿಂದಲೇ ಆಗಿತ್ತು. ಕೊರ್ತಾಲಿಮ್ ಹತ್ತಿರ ಒಂದು ಕಂಪನಿ ಕಟ್ಟಿಸುತ್ತಿದ್ದ ಅಪಾರ್ಟ್‌ಮೆಂಟಿನಲ್ಲಿ ನಮ್ಮ ಗ್ಯಾಂಗಿನ ಕೆಲಸ. ಒಳಗೆ ಹೋಗಬೇಕೆಂದರೆ ಫೋಟೋ ಇರುವ ಗೇಟ್ ಪಾಸ್ ಬೇಕು. ನಮ್ಮಲ್ಲಿ ಒಬ್ಬ ಊರಿಗೆ ಹೋದರೆ ಅವನ ಪಾಸು ಕೊರಳಿಗೆ ಹಾಕಿಕೊಂಡು ತಮ್ಮನೋ ಭಾವನೋ ಬಂದು ದುಡಿಯುತ್ತಾನೆ. ಜಾಗ ಖಾಲಿ ಬಿಟ್ಟರೆ ಬೇರೆ ಮೇಸ್ತ್ರಿಯ ಆಳು ಬಂದು ಸೇರಿಕೊಳ್ಳುತ್ತಾನಲ್ಲ! ಹಾಗೆಯೇ ಗುರುಲಿಂಗ ಹೆಂಡತಿಯ ಹೆರಿಗೆಗೆಂದು ಮುದ್ದೇಬಿಹಾಳಕ್ಕೆ ಹೋದಾಗ, ಅವನ ತಮ್ಮ ದೇವು ಅಣ್ಣನ ಪಾಸಿನ ಮೇಲೆ ಬಂದ. ಹಾಜರಿಯಲ್ಲಿ "ಗುರುಲಿಂಗ" ಎಂದು ಕೂಗಿದರೆ ದೇವು "ಹಾಂ" ಎನ್ನುತ್ತಿದ್ದ. ನಾವೆಲ್ಲ ನಗುತ್ತಿದ್ದೆವು.

ಇಪ್ಪತ್ತನೆಯ ದಿನ ಮೂರನೇ ಮಹಡಿಯಲ್ಲಿ ಸಾರವೆಯ ಹಲಗೆ ಜಾರಿ ದೇವು ಕೆಳಗೆ ಬಿದ್ದ. ಜೀವ ಉಳಿಯಿತು, ಕಾಲೆರಡೂ ಹೋದವು. ಆಂಬುಲೆನ್ಸ್‌ನವರು ಹೆಸರು ಕೇಳಿದಾಗ ಗಾಬರಿಯಲ್ಲಿ ಎಲ್ಲರೂ ಒಂದೇ ಬಾಯಲ್ಲಿ "ಗುರುಲಿಂಗ" ಎಂದೆವು! ರೂಢಿ ಅಂದರೆ ಅದು. ಆಸ್ಪತ್ರೆಯ ಕಾಗದದಲ್ಲೂ ಅದೇ ಕೂತಿತು.

ಕಂಪನಿಯ ವಕೀಲನಿಗೆ ಇನ್ನೇನು ಬೇಕು? ಅವನ ಬಾಯಿಗೆ ಮಣ್ಣು ಹಾಕ! ತೀರ್ಪು ಕೊಡುವ ಸಾಹೇಬರ ಮುಂದೆ ವಿಚಾರಣೆ ಶುರುವಾದ ಕೂಡಲೇ ಎದ್ದು, ಗೋಡೆಗೆ ಒರಗಿ ನಿಂತಿದ್ದ ಗುರುಲಿಂಗನತ್ತ ಕೈ ತೋರಿಸಿದ. "ಸಾಹೇಬರೇ, ನಮ್ಮ ಪಟ್ಟಿಯಲ್ಲಿರುವ ಗುರುಲಿಂಗ ಎರಡು ಕಾಲ ಮೇಲೆ ಗಟ್ಟಿಯಾಗಿ ನಿಂತಿದ್ದಾನೆ. ಗಾಲಿಕುರ್ಚಿಯಲ್ಲಿರುವ ಈ ದೇವು ಯಾರೋ ನಮಗೆ ಗೊತ್ತಿಲ್ಲ. ನಮ್ಮ ಸೈಟಿನಲ್ಲಿ ದುಡಿದವನೇ ಅಲ್ಲ."

ದೇವುನ ಹೆಂಡತಿ ಶೈಲಾ ನನ್ನನ್ನೇ ನೋಡುತ್ತಿದ್ದಳು. ಅವನು ಅಲ್ಲಿ ದುಡಿದದ್ದು ಸಾಬೀತಾಗದಿದ್ದರೆ ಪರಿಹಾರವಿಲ್ಲ. ಜೀವನವಿಡೀ ಆ ಕುರ್ಚಿ, ಜೊತೆಗೆ ಬರಿಗೈ. ಆದರೆ ಕಂಪನಿಯ ಮ್ಯಾನೇಜರ್ ಹಿಂದಿನ ದಿನವೇ ನನಗೆ ತಾಕೀತು ಮಾಡಿದ್ದ. ದೇವು ಸುಮ್ಮನೆ ನನ್ನನ್ನು ನೋಡಲು ಬಂದಿದ್ದ ಎನ್ನಬೇಕಂತೆ. ಇಲ್ಲದಿದ್ದರೆ ಸುಳ್ಳು ಪಾಸಿನ ಹೊಣೆ ನನ್ನ ತಲೆಗೆ, ನನ್ನ ಗ್ಯಾಂಗಿಗೆ ಮುಂದೆ ಕೆಲಸವೂ ಇಲ್ಲ.

ಸಾಕ್ಷಿಗೆಂದು ಮೊದಲು ಕರೆದದ್ದು ಗೇಟು ಕಾಯುವ ಜಿಲಾನಿಯನ್ನು. ಸವಣೂರಿನವನು, ಐವತ್ತೈದರ ಸಣಕಲ ಆಳು. ಸಂಬಳ ಕಂಪನಿಯದೇ. ಇವನೂ ಕೈ ತೊಳೆದುಕೊಳ್ಳುತ್ತಾನೆ ಎಂದುಕೊಂಡೆ. ಖರೇ ಹೇಳಬೇಕೆಂದರೆ, ಹಾಗಾದರೆ ಸಾಕಪ್ಪಾ ಎಂದೇ ಅನ್ನಿಸಿತ್ತು.

"ಇಂವ ದೇವೂನ ರೀ," ಎಂದ ಜಿಲಾನಿ. ಕನ್ನಡ ಬಲ್ಲ ಗುಮಾಸ್ತ ಸಾಹೇಬರಿಗೆ ಕೊಂಕಣಿಯಲ್ಲಿ ಹೇಳುತ್ತಾ ಹೋದ. "ಇಪ್ಪತ್ತ ದಿನ ನನ್ನ ಮುಂದ ಹಾದು ಒಳಗ ಹೋಗ್ಯಾನ. ಪಾಸಿನ್ಯಾಗಿನ ಮಾರಿನ ಬ್ಯಾರೆ, ಇವನ ಮಾರಿನ ಬ್ಯಾರೆ. ನಾ ನೋಡೇನಿ. ನೋಡಿನೂ ಬಿಟ್ಟೇನಿ. ಮೊದಲನೇ ದಿನಾನ ಹೊರಗ ನಿಲ್ಲಿಸಿದ್ರ ಈ ಹುಡುಗ ಇವತ್ತ ನಡದಾಡ್ತಿದ್ದ."

"ನೋಡಿಕೊಂಡು ಮಾತಾಡು! ನೌಕರಿ ಹೋಗುತ್ತದೆ," ಎಂದು ವಕೀಲ ಗುಡುಗಿದ.

"ಹೋಗ್ಲಿ ಬಿಡ್ರಿ. ಸಾಹೇಬ್ರ, ತಪ್ಪು ಹಂಚಾಕತ್ತೀರಿ ಅಂದ್ರ ನನ್ನ ಪಾಲೂ ಬರಕೊಳ್ರಿ."

ಅಬ್ಬಾ! ಗೋವಾದಲ್ಲಿ ಮೂವತ್ತು ವರ್ಷ ದುಡಿದಿದ್ದೇನೆ. ಲಾಭದಲ್ಲಿ ಪಾಲು ಕೇಳುವವರನ್ನು ಬೇಕಾದಷ್ಟು ಕಂಡಿದ್ದೇನೆ. ತಪ್ಪಿನಲ್ಲಿ ಪಾಲು ಕೇಳಿದವನನ್ನು ಕಂಡದ್ದು ಅದೇ ಮೊದಲು. ಆ ಕಡ್ಡಿಯಂಥ ಮನುಷ್ಯ ಎಷ್ಟು ದೊಡ್ಡವನಾಗಿ ಕಂಡನೆಂದರೆ, ಎದುರಿಗೆ ಕೂತಿದ್ದ ನನಗೆ ನನ್ನ ಮೇಲೇ ಹೇಸಿಗೆಯಾಯಿತು. ಕರೆಯುವ ಮುಂಚೆಯೇ ಎದ್ದು ನಿಂತೆ.

"ಪಾಸ್ ಕೊಟ್ಟಾಂವ ನಾನ ರೀ. ದೇವು ನನ್ನ ಆಳು, ಕಂಪನಿ ಕೆಲಸಾನ ಮಾಡಾಕತ್ತಿದ್ದ. ಆ ಹಲಗಿ ಕಟ್ಟಿಸಿದಾಂವನೂ ನಾನ. ಸುಳ್ಳ ಹೇಳು ಅಂತ ನಿನ್ನೆ ಹೇಳ್ಯಾರ. ನಾ ಹೇಳಂಗಿಲ್ಲ."

ಶೈಲಾ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು.

ಸಾಹೇಬರು ಬಹಳ ಹೊತ್ತು ಬರೆದರು. ಆಮೇಲೆ ಬಿಡಿಸಿ ಹೇಳಿದರು: ಆಳನ್ನು ತಂದವನು ಮೇಸ್ತ್ರಿಯಾದರೂ ಕೆಲಸ ಕಂಪನಿಯದು, ಹಾಗಾಗಿ ದೇವುಗೆ ಪರಿಹಾರ ಕೊಡಬೇಕಾದದ್ದು ಕಂಪನಿಯೇ. ಆಳಿನ ನಿಜ ಹೆಸರು ಮುಚ್ಚಿಟ್ಟ ಮೇಸ್ತ್ರಿಯ ಭಾಗವನ್ನು ಅದು ಅವನಿಂದ ವಸೂಲಿ ಮಾಡಿಕೊಳ್ಳಬಹುದು. ನನ್ನ ಹೆಸರು ಕಾಗದಕ್ಕೆ ಬಿತ್ತು. ಆದರೂ ಎಷ್ಟೋ ದಿನದ ಮೇಲೆ ನೆಟ್ಟಗೆ ಉಸಿರಾಡಿದೆ.

"ನನ್ನ ಪಾಲು ರೀ?" ಎಂದ ಜಿಲಾನಿ.

ಸಾಹೇಬರು ಕನ್ನಡಕ ತೆಗೆದು ಅವನನ್ನೇ ನೋಡಿದರು. "ನೀನು ಮಾಲೀಕನೂ ಅಲ್ಲ, ಗುತ್ತಿಗೆದಾರನೂ ಅಲ್ಲ. ಗೇಟು ಕಾಯುವವನ ಮೇಲೆ ಹೊಣೆ ಹೊರಿಸಲು ಈ ಕಾಯ್ದೆಯಲ್ಲಿ ಜಾಗವಿಲ್ಲಪ್ಪ."

ಜಿಲಾನಿ ಪೆಚ್ಚಾಗಿ ನಿಂತ. ತಪ್ಪಿಸಿಕೊಂಡೆನೆಂಬ ಸಮಾಧಾನ ಅವನ ಮುಖದಲ್ಲಿ ಹುಡುಕಿದರೂ ಇರಲಿಲ್ಲ.

ಹೊರಗೆ ಬಂದರೆ ಲಿಫ್ಟು ಕೆಟ್ಟು ನಿಂತಿತ್ತು. ಎರಡು ಮಹಡಿ ಇಳಿಯಬೇಕು. ದೇವುನನ್ನು ಎತ್ತಿಕೊಳ್ಳಲು ನಾನು ಬಗ್ಗುವಷ್ಟರಲ್ಲಿ ಜಿಲಾನಿ ಅಡ್ಡ ಬಂದು, ಕುರ್ಚಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಬೆನ್ನು ಕೊಟ್ಟ.

"ಚಾಚಾ, ನಿಮ್ಮ ಕೈಲೆ ಆಗಂಗಿಲ್ರಿ," ಎಂದ ದೇವು.

"ಬಾ ಬೇಟಾ, ಕೊರಳ ಗಟ್ಟಿ ಹಿಡಕೋ."

"ನನಗ ಕೊಡೋ ಜಿಲಾನಿ. ಬಿದ್ದಗಿದ್ದೀ," ಎಂದೆ.

ಅವನು ಆಗಲೇ ದೇವುನನ್ನು ಹೊತ್ತು, ಗೋಡೆಗೆ ಕೈಯೂರಿ ಎದ್ದು ನಿಂತಿದ್ದ.

"ಬಾಜೂಕ ಸರಿ ಮೇಸ್ತ್ರಿ," ಎಂದ. "ನಿಂದು ಬರಕೊಂಡಾರ. ಇದು ನಂದು."